ನೋವಿನೊಡನೆ ನಡೆದ ಯಾತ್ರಿಕ: ಸಂತ ಇಗ್ನೇಷಿಯಸ್ ಲೊಯೋಲಾ

ಸಂತ ಇಗ್ನೇಷಿಯಸರೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಯೇಸುಸಭೆಯ ಸ್ಥಾಪಕರ ಗಂಭೀರ ಚಿತ್ರ. ಅವರ ಶಾಲೆ ಕಾಲೇಜುಗಳು, ದೂರದೇಶಗಳಿಗೆ ಹೊರಟ ಧರ್ಮಪ್ರಚಾರಕರು ನೆನಪಾಗುತ್ತಾರೆ. ಆದರೆ ಈ ಸಂತರು 35 ವರ್ಷ ಊನವಾದ ಕಾಲಿನಲ್ಲಿ ನಡೆದವರು, ಬಹುಕಾಲ ಹೊಟ್ಟೆನೋವಿನಿಂದ ನರಳಿದವರು, ಒಮ್ಮೆ ಆತ್ಮಹತ್ಯೆಯ ಆಲೋಚನೆಯೊಡನೆ ಹೋರಾಡಿದವರು ಎಂಬುದು ಅನೇಕರಿಗೆ ತಿಳಿಯದು.

1491ರಲ್ಲಿ ಸ್ಪೇನಿನ ಬಾಸ್ಕ್ ನಾಡಿನ ಲೊಯೋಲಾ ಮನೆತನದಲ್ಲಿ ಹುಟ್ಟಿದ ಇವರಿಗೆ ಯೌವನದಲ್ಲಿ ಇದ್ದುದು ಕೀರ್ತಿಯ ಹಂಬಲ. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯನ್ನು ಫ್ರೆಂಚರಿಂದ ಕಾಯುತ್ತಿದ್ದಾಗ ಫಿರಂಗಿಯ ಗುಂಡು ಬಡಿದು ಬಲಗಾಲು ಮುರಿಯಿತು, ಎಡಗಾಲಿಗೂ ಗಾಯವಾಯಿತು. ಮೂಳೆ ಸರಿಯಾಗಿ ಕೂಡಿಲ್ಲವೆಂದು ವೈದ್ಯರು ಅದನ್ನು ಮತ್ತೆ ಮುರಿದು ಕೂಡಿಸಿದರು. ಅರಿವಳಿಕೆ ಇಲ್ಲದ ಕಾಲವದು. ಸ್ಥಿತಿ ಬಿಗಡಾಯಿಸಿ ಅಂತಿಮ ಸಂಸ್ಕಾರಗಳನ್ನೂ ಪಡೆದರು. ಬದುಕುಳಿದ ಮೇಲೆ ಮೊಣಕಾಲ ಕೆಳಗೆ ಮೂಳೆಯೊಂದು ಉಬ್ಬಿ ನಿಂತಿತು. ಅಂದಗೆಡುತ್ತದೆಂದು ಅದನ್ನೂ ಕೊಯ್ಯಿಸಿಕೊಂಡರು. ಆದರೂ ಕುಂಟು ಹೋಗಲಿಲ್ಲ.

ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಕ್ರಿಸ್ತರ ಮತ್ತು ಸಂತರ ಚರಿತ್ರೆಗಳನ್ನು ಓದಿ ಅವರ ಮನಸ್ಸು ದೇವರ ಕಡೆ ತಿರುಗಿತು. ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ನಿಜವಾದ ಕತ್ತಲೆ ಬಂದದ್ದು ಇದಾದ ಮೇಲೆಯೇ.

1522ರಲ್ಲಿ ಮನ್ರೇಸಾ ಎಂಬ ಊರಿನಲ್ಲಿ ಭಿಕ್ಷೆ ಬೇಡುತ್ತಾ, ದಿನಕ್ಕೆ 7 ಗಂಟೆ ಪ್ರಾರ್ಥಿಸುತ್ತಾ, ಕಠಿಣ ಉಪವಾಸಗಳನ್ನು ಮಾಡುತ್ತಾ ಇದ್ದರು. ಹಳೆಯ ಪಾಪಗಳನ್ನು ಸರಿಯಾಗಿ ನಿವೇದಿಸಿದೆನೋ ಇಲ್ಲವೋ ಎಂಬ ಶಂಕೆ ಅವರನ್ನು ಹಿಡಿಯಿತು. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಸಮಾಧಾನವಿಲ್ಲ. ತಾವಿದ್ದ ಕೋಣೆಯಲ್ಲಿದ್ದ ದೊಡ್ಡ ಕಂಡಿಯೊಳಕ್ಕೆ ಹಾರಿ ಪ್ರಾಣ ಬಿಡುವ ಆಲೋಚನೆ ಮತ್ತೆ ಮತ್ತೆ ಬರುತ್ತಿತ್ತು. ಹಾಗೆ ಮಾಡೆನೆಂದು ದೇವರಿಗೆ ಮೊರೆಯಿಡುತ್ತಿದ್ದರು. ಶಾಂತಿ ಸಿಗುವವರೆಗೆ ಊಟ ಮಾಡುವುದಿಲ್ಲವೆಂದು ಒಂದು ವಾರ ಉಪವಾಸವಿದ್ದರು. ಇದನ್ನು ತಿಳಿದ ಪಾಪನಿವೇದನೆಯ ಗುರುಗಳು ಊಟ ಮಾಡಲು ಆಜ್ಞಾಪಿಸಿದರು. ಇಗ್ನೇಷಿಯಸರು ವಿಧೇಯರಾದರು. ಶಂಕೆಗಳು ಒಮ್ಮೆ ಮರಳಿದವು. ಆಗ ಹಳೆಯ ಪಾಪಗಳನ್ನು ಇನ್ನು ಕೆದಕುವುದಿಲ್ಲವೆಂದು ನಿಶ್ಚಯಿಸಿದರು, ಕತ್ತಲೆ ಹರಿಯಿತು.

ದೇಹದ ನೋವು ಮಾತ್ರ ಹರಿಯಲಿಲ್ಲ. ಪ್ಯಾರಿಸಿನಲ್ಲಿ ಓದುತ್ತಿದ್ದಾಗ ಹೊಟ್ಟೆನೋವು ಹೆಚ್ಚಿತು. ವೈದ್ಯರ ಸಲಹೆಯಂತೆ 1535ರಲ್ಲಿ ಹವೆ ಬದಲಾವಣೆಗೆ ಹುಟ್ಟೂರಿಗೆ ಹೋದರು. 1540ರಲ್ಲಿ ಯೇಸುಸಭೆಗೆ ಮನ್ನಣೆ ದೊರೆತು, ಮರುವರ್ಷ ಅದರ ಮುಖ್ಯಸ್ಥರಾದರು. ಅನಾರೋಗ್ಯದಿಂದ 1551ರಲ್ಲಿ ಬಿಡುಗಡೆ ಕೇಳಿದರು, ಸಂಗಡಿಗರು ಒಪ್ಪಲಿಲ್ಲ. 1556ರ ಜುಲೈ 31ರಂದು ರೋಮಿನಲ್ಲಿ ತೀರಿಕೊಂಡ ಮೇಲೆ ಅಂಗರಚನಾ ಶಾಸ್ತ್ರಜ್ಞ ರಿಯಾಲ್ಡೊ ಕೊಲಂಬೊ ದೇಹವನ್ನು ಪರೀಕ್ಷಿಸಿದರು. ಒಳ ಅಂಗಾಂಗಗಳಲ್ಲಿ ಅನೇಕ ಕಲ್ಲುಗಳಿದ್ದವು. ಅವರ ನೋವು ಎಷ್ಟಿತ್ತೆಂಬುದಕ್ಕೆ ಅವು ಸಾಕ್ಷಿಯಾದವು.

ನೋವನ್ನು ಬಲ್ಲ ಈ ಸಂತರು ಇತರರಿಗೆ ನೋವನ್ನು ಬೋಧಿಸಲಿಲ್ಲ. ಅತಿಯಾಗಿ ತಪಸ್ಸು ಮಾಡುತ್ತಿದ್ದ ಫ್ರಾನ್ಸಿಸ್ ಬೋರ್ಜಿಯಾರಿಗೆ 1548ರಲ್ಲಿ ಪತ್ರ ಬರೆದು, ಪ್ರಾರ್ಥನೆಯ ಸಮಯವನ್ನು ಅರ್ಧಕ್ಕೆ ಇಳಿಸುವಂತೆಯೂ ಶರೀರವನ್ನು ಜೋಪಾನ ಮಾಡುವಂತೆಯೂ ತಿಳಿಸಿದರು. ರೋಗಿಗಳ ಆರೈಕೆಯನ್ನು ಸಭೆಯ ನಿಯಮಾವಳಿಯಲ್ಲೇ ಸೇರಿಸಿದರು. ಮನಸ್ಸು ಕುಗ್ಗಿದಾಗ ಹಿಂದಿನ ಒಳ್ಳೆಯ ನಿರ್ಧಾರಗಳನ್ನು ಬದಲಿಸಬಾರದು, ಒಳಗಿನ ಕಾಟವನ್ನು ಗುಟ್ಟಾಗಿಡದೆ ಬಲ್ಲವರಿಗೆ ಹೇಳಬೇಕು ಎಂಬುದು ಅವರ ಆಧ್ಯಾತ್ಮಿಕ ಸಾಧನೆಗಳ ಬೋಧನೆ.

ಪ್ರಿಯ ವಿಶ್ವಾಸಿಗಳೇ, ವರ್ಷಗಟ್ಟಲೆ ಸಂಧಿವಾತ, ಬೆನ್ನುನೋವು, ತಲೆನೋವು ಅನುಭವಿಸುವವರು ನಮ್ಮ ಮನೆಗಳಲ್ಲಿದ್ದಾರೆ. ಶಿಲುಬೆ ಹೊರಬೇಕು ಎಂದು ಹೇಳಿ ಅವರ ಬಾಯಿ ಮುಚ್ಚಿಸುವುದು ಸುಲಭ. ಸತತ ನೋವು ನಿದ್ದೆಯನ್ನು ಕೆಡಿಸುತ್ತದೆ, ಮನಸ್ಸನ್ನೂ ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ನೋವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಎರಡಕ್ಕೂ ಚಿಕಿತ್ಸೆ ಬೇಕು. ಸಾವಿನ ಆಲೋಚನೆ ತಾನಾಗಿ ಬರುವುದು ಪಾಪವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಅದು ಸಹಾಯ ಬೇಕೆಂಬ ಸೂಚನೆ. ಅಂಥ ಆಲೋಚನೆ ಬಂದವರು ಅಂದೇ ಮನೆಯವರಿಗೋ ವೈದ್ಯರಿಗೋ ಗುರುಗಳಿಗೋ ತಿಳಿಸಲಿ. ಕೇಳಿದವರು ಬೈಯದೆ, ಒಂಟಿಯಾಗಿ ಬಿಡದೆ, ವೈದ್ಯರ ಬಳಿಗೆ ಜೊತೆಯಾಗಿ ಹೋಗಲಿ.

ಮನ್ರೇಸಾದಲ್ಲಿ ಗುರುಗಳ ಮಾತಿನಂತೆ ಇಗ್ನೇಷಿಯಸರು ಮತ್ತೆ ಉಂಡ ಆ ಊಟವೂ ಒಂದು ವಿಶ್ವಾಸದ ಕಾರ್ಯವೇ. ವೈದ್ಯರು ಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದೂ ಹಾಗೆಯೇ.