ಸಾಲವಿಲ್ಲದ ವಿದ್ಯೆ: ಮೊಳಹಳ್ಳಿ ಶಿವರಾಯರ ಸ್ಮರಣೆ

ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕೆಂದು ತೋಟವನ್ನೇ ಅಡವಿಡಲು ಮುಂದಾಗುವ ಸದ್ಭಕ್ತರನ್ನು ಕಂಡಾಗಲೆಲ್ಲ ನಾವು ಪುತ್ತೂರಿನ ಮೊಳಹಳ್ಳಿ ಶಿವರಾಯರನ್ನು ನೆನೆಯುತ್ತೇವೆ. 1880ರಲ್ಲಿ ಜನಿಸಿದ ಅವರು ವೃತ್ತಿಯಿಂದ ವಕೀಲರು. ಪುತ್ತೂರು, ಸುಳ್ಯ, ಕಡಬ ಸೀಮೆಯ ಕೃಷಿಕರು ಸಾಹುಕಾರರ ಬಡ್ಡಿಗೆ ಸಿಲುಕಿದ್ದ ಕಾಲವದು. 1909ರಲ್ಲಿ ಅವರು ಪುತ್ತೂರಿನಲ್ಲಿ ಸಹಕಾರ ಸಂಘವನ್ನು ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಹತ್ತಾರು ಮನೆಗಳ ಅಲ್ಪ ಉಳಿತಾಯ ಒಂದೆಡೆ ಕೂಡಿದರೆ ನೆರೆಯವರ ಅಗತ್ಯಕ್ಕೆ ಒದಗುತ್ತದೆಂಬುದೇ ಅದರ ತತ್ತ್ವ. 1916ರಲ್ಲಿ ಪುತ್ತೂರಿಗೆ ಪ್ರೌಢಶಾಲೆ ಬರುವಂತೆ ಶ್ರಮಿಸಿದರು. ಶಾಲೆ ಹತ್ತಿರವಿದ್ದರೆ ಮಗು ಮನೆಯೂಟ ಉಂಡು ಕಲಿಯುತ್ತದೆ, ಪರಸ್ಥಳದ ವಸತಿಯ ವೆಚ್ಚ ಉಳಿಯುತ್ತದೆ. 1967ರಲ್ಲಿ ಅವರು ಅಗಲಿದರು.

ಅವರು ನಮ್ಮ ಮಠದ ಶಿಷ್ಯರಲ್ಲ. ಆದರೂ ಅವರ ಬದುಕಿನಲ್ಲಿ ಕಾಯಕ, ದಾಸೋಹಗಳ ಹಾದಿಯನ್ನೇ ನಾವು ಕಾಣುತ್ತೇವೆ. ಮಗು ಒಂದನೆಯ ತರಗತಿಗೆ ಸೇರಿದ ವರ್ಷದಿಂದಲೇ ಅಡಿಕೆ ಮಾರಿದ ಹಣದಲ್ಲೊಂದು ಪಾಲನ್ನು ಸಂಘದಲ್ಲಿ ಠೇವಣಿಯಿಡಿ. ಸಮೀಪದ ಕಾಲೇಜನ್ನು ಮೊದಲು ವಿಚಾರಿಸಿ. ವಿದ್ಯಾರ್ಥಿವೇತನಕ್ಕೆ ಸಕಾಲದಲ್ಲಿ ಅರ್ಜಿ ಸಲ್ಲಿಸಿ. ನೆರೆಹೊರೆಯವರ ಮಾತಿಗಂಜಿ ಭೂಮಿಯನ್ನು ಬರೆದುಕೊಡಬೇಡಿ. ಓದು ಮುಗಿಸಿ ಬಂದ ಮಗುವಿಗೆ ನಿಲ್ಲಲು ನೆಲವೂ ಇರಬೇಕಲ್ಲವೇ?