ಕುಕ್ಕೆ ಹಾಕಿದ ರೇಸ್ ಕುದುರೆ ಮತ್ತು ಜಾನ್ ರೇರಿ

ಕುಣಿಗಲ್ ಸ್ಟಡ್ ಫಾರ್ಮ್ ಇರೋ ಜಿಲ್ಲೆಯಲ್ಲಿ ಥರೋಬ್ರೆಡ್ ಕುದುರೆ ಅಂದ್ರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ ಅದು. ರೇಸ್‌ನಿಂದ ನಿವೃತ್ತಿಯಾದ ಇಂಥ ಕುದುರೆ ಕಡಿಮೆ ಬೆಲೆಗೆ ಸಿಕ್ಕರೆ ತಂದು ಸವಾರಿ ಕಲಿಯೋಣ ಅಂತ ಆಸೆಪಡುವವರಿದ್ದಾರೆ. ಅದಕ್ಕೆ ತಲೆ ನೆಟ್ಟಗಿರಲ್ಲ, ಕಚ್ಚುತ್ತೆ, ಒದೆಯುತ್ತೆ, ನಮ್ಮಂಥವರ ಕೈಗೆ ನಿಲ್ಲಲ್ಲ ಅಂತ ಹೆದರಿಸುವವರೂ ಇದ್ದಾರೆ. ಇದು ಇವತ್ತಿನ ಜಗಳ ಅಲ್ಲ. 1858ರಲ್ಲಿ ಇಂಗ್ಲೆಂಡಿನ ರಾಣಿಯಿಂದ ಹಿಡಿದು ಲಾಯದ ಆಳುಗಳವರೆಗೆ ಎಲ್ಲರೂ ಇದನ್ನೇ ಮಾತಾಡುತ್ತಿದ್ದರು. ಮಾತಿಗೆ ಕಾರಣನಾದವನು ಅಮೆರಿಕದ ಹಳ್ಳಿಯೊಂದರಿಂದ ಬಂದ 30 ವರ್ಷದ ಜಾನ್ ಸಾಲೊಮನ್ ರೇರಿ.

ರೇರಿ ಹುಟ್ಟಿದ್ದು 1827ರ ಡಿಸೆಂಬರ್ 6ರಂದು, ಓಹಿಯೋ ರಾಜ್ಯದಲ್ಲಿ. ಊರು ಗ್ರೋವ್‌ಪೋರ್ಟ್. ಅಕ್ಕಪಕ್ಕದ ಎರಡು ಊರು ಸೇರಿ ಆದ ಊರು ಅದು. ಒಂದರ ಹೆಸರಿನಿಂದ ಗ್ರೋವ್ ತಗೊಂಡು, ಇನ್ನೊಂದಾದ ರೇರಿಪೋರ್ಟ್‌ನಿಂದ ಪೋರ್ಟ್ ತಗೊಂಡು ಜೋಡಿಸಿದರು. ಎರಡೂ ಕಡೆಯವರಿಗೆ ಬೇಜಾರಾಗದ ಹಾಗೆ ಮಗುವಿಗೆ ಹೆಸರಿಟ್ಟ ಹಾಗೆ!

ಆ ಕಾಲದಲ್ಲಿ ಕುದುರೆ ಪಳಗಿಸೋದು ಅಂದ್ರೆ ಚಾವಟಿ, ಹಗ್ಗ, ಹಸಿವು. ಇಂಗ್ಲಿಷಿನಲ್ಲಿ ಈಗಲೂ ಆ ಕೆಲಸಕ್ಕೆ ಕುದುರೆಯನ್ನು ಮುರಿಯೋದು ಅಂತಲೇ ಹೇಳುತ್ತಾರೆ. ಹುಡುಗನಾಗಿದ್ದಾಗಲೇ ಕುದುರೆ ಕೆಲಸಕ್ಕಿಳಿದ ರೇರಿಗೆ ಹೊಡೆತದಿಂದ ಕುದುರೆ ಕಲಿಯಲ್ಲ, ಬರೀ ಹೆದರುತ್ತೆ ಅನ್ನೋದು ಕಾಣ್ತು. 1856ರಲ್ಲಿ ಕಾಡು ಕುದುರೆ ಪಳಗಿಸುವ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಅದರ ತಿರುಳು ಇಷ್ಟು: ಕುದುರೆಗೆ ತನ್ನ ಬಲ ಎಷ್ಟು ಅಂತ ಗೊತ್ತಿಲ್ಲ. ಹೇಳಿದ್ದು ಅರ್ಥವಾದರೆ, ನೋವಾಗದಿದ್ದರೆ ಅದು ಮಾಡುತ್ತೆ. ಹೊಸ ವಸ್ತುವನ್ನು ನೋಡಿ, ಮೂಸಿ, ಮುಟ್ಟೋಕೆ ಬಿಟ್ಟರೆ ಅದಕ್ಕೆ ಹೆದರಲ್ಲ.

ಮಾತು ಮೆತ್ತಗಿದ್ದರೂ ವಿಧಾನ ಪೂರ್ತಿ ಮೆತ್ತಗಿರಲಿಲ್ಲ. ಕುದುರೆಯ ಎಡ ಮುಂಗಾಲನ್ನು ಮಡಿಸಿ ತೊಗಲ ಪಟ್ಟಿಯಿಂದ ಬಿಗಿಯುತ್ತಿದ್ದ. ಮೂರು ಕಾಲಲ್ಲಿ ನಿಂತ ಕುದುರೆ ಒದೆಯೋಕಾಗಲಿ ಓಡೋಕಾಗಲಿ ಆಗದೆ ಒದ್ದಾಡುತ್ತಿತ್ತು. ಆಮೇಲೆ ಬಲ ಮುಂಗಾಲಿಗೂ ಒಂದು ಪಟ್ಟಿ. ಮಂಡಿಯೂರಿದ ಕುದುರೆ ಸುಸ್ತಾಗಿ ಕೊನೆಗೆ ಮಲಗುತ್ತಿತ್ತು. ಆಗ ಪಕ್ಕ ಕೂತು ಮೈಯೆಲ್ಲ ಸವರಿ, ಮೆಲ್ಲಗೆ ಮಾತಾಡಿಸುತ್ತಿದ್ದ. ಒದೆಯುವ ಹಿಂಗಾಲಿನ ಗೊರಸಿನ ಮೇಲೆ ತನ್ನ ತಲೆ ಇಟ್ಟು ತೋರಿಸುತ್ತಿದ್ದ. ಎಲ್ಲಾ ಆದ ಮೇಲೆ ಅದರ ಬೆನ್ನ ಮೇಲೆ ಕೂತು ಡೋಲು ಬಾರಿಸಿದರೂ ಕುದುರೆ ಅಲುಗುತ್ತಿರಲಿಲ್ಲ.

ಜೊತೆಗಾರ ಗುಡಿನಫ್ ಎಂಬಾತನೊಂದಿಗೆ ರೇರಿ ಇಂಗ್ಲೆಂಡಿಗೆ ಬಂದ. 1858ರ ಜನವರಿಯಲ್ಲಿ ವಿಂಡ್ಸರ್‌ನಲ್ಲಿ ವಿಕ್ಟೋರಿಯಾ ರಾಣಿ ಎದುರು ಪ್ರದರ್ಶನವೂ ಆಯ್ತು. ಆಮೇಲೆ ಕೇಳಬೇಕಾ? ತಲೆಗೆ 10 ಗಿನಿ ಕೊಟ್ಟು, ಗುಟ್ಟು ಬಿಡಲ್ಲ ಅಂತ ಮಾತು ಕೊಟ್ಟು ಕಲಿಯೋಕೆ ದೊಡ್ಡ ದೊಡ್ಡ ಮನೆತನದವರು ಹೆಸರು ಬರೆಸಿದರು. 500 ಜನ ಆಗಲಿ ಅಂತ ಅವನ ಲೆಕ್ಕ. ತಮಾಷೆ ಏನಂದ್ರೆ, ಅಮೆರಿಕದಲ್ಲಿ ಅವನೇ ಅಚ್ಚು ಹಾಕಿಸಿದ್ದ ಪುಸ್ತಕವನ್ನು ಲಂಡನ್ನಿನ ಪ್ರಕಾಶಕರು ಮತ್ತೆ ಅಚ್ಚು ಮಾಡಿ ಆರು ಪೆನ್ನಿಗೆ ಮಾರಿಬಿಟ್ಟರು. ಗುಟ್ಟು ಬಯಲಾಯ್ತು. ಶಿಷ್ಯರನ್ನು ಕೊಟ್ಟ ಮಾತಿನಿಂದ ಬಿಡುಗಡೆ ಮಾಡದೆ ರೇರಿಗೆ ಬೇರೆ ದಾರಿ ಇರಲಿಲ್ಲ.

ಆದರೆ ಅವನ ಹೆಸರು ಉಳಿದಿದ್ದು ಇದರಿಂದಲ್ಲ, ಕ್ರೂಸರ್ ಎಂಬ ಕುದುರೆಯಿಂದ.

ಕ್ರೂಸರ್ ಲಾರ್ಡ್ ಡಾರ್ಚೆಸ್ಟರ್‌ನ ಥರೋಬ್ರೆಡ್ ಗಂಡು. ವೇಗದ ಕುದುರೆ, ಒಳ್ಳೆ ರಕ್ತ, ಜೊತೆಗೆ ಕೆಟ್ಟ ಹೆಸರು. ಹತ್ತಿರತ್ತಿರ ಮೂರು ವರ್ಷದಿಂದ ಯಾರೂ ಅದರ ಬೆನ್ನೇರಿರಲಿಲ್ಲ. ಮೈ ಉಜ್ಜೋಕೂ ಬಿಡುತ್ತಿರಲಿಲ್ಲ. ಹೊಲ ಉಳುವಾಗ ಎತ್ತಿಗೆ ಹಗ್ಗದ ಕುಕ್ಕೆ ಹಾಕ್ತಾರಲ್ಲ, ಹಾಗೆ ಇದರ ಮೂತಿಗೆ ಹಗಲೂ ರಾತ್ರಿ ಕುಕ್ಕೆ, ಅದೂ ಕಬ್ಬಿಣದ್ದು. ನಮ್ಮೂರ ಸಾಧು ಕುದುರೆ ಮಲಗಿಸಿದರೆ ಏನು ಬಂತು, ತಾಕತ್ತಿದ್ದರೆ ಕ್ರೂಸರ್ ಹತ್ತಿರ ಹೋಗಲಿ ಅನ್ನೋ ಅರ್ಥದ ಮಾತು ಶುರುವಾಯ್ತು. ರೇರಿ ಸೋತರೆ ಹೆಸರು ಹೋಗುತ್ತಿತ್ತು. ಕುದುರೆ ಗೆದ್ದಿದ್ದರೆ ಜೀವವೇ ಹೋಗುತ್ತಿತ್ತು.

1858ರ ಏಪ್ರಿಲ್‌ನಲ್ಲಿ ಹ್ಯಾಂಪ್‌ಶೈರ್‌ನ ಮರೆಲ್ಸ್ ಗ್ರೀನ್‌ನಲ್ಲಿ ರೇರಿ ಆ ಲಾಯಕ್ಕೆ ಹೋದ. ಮೂರು ಗಂಟೆ ಹಿಡೀತು. ಮೂರು ಗಂಟೆ ಆದ ಮೇಲೆ ರೇರಿ ಮಾತ್ರ ಅಲ್ಲ, ಮಾಲೀಕ ಡಾರ್ಚೆಸ್ಟರ್ ಕೂಡ ಕ್ರೂಸರ್ ಬೆನ್ನೇರಿ ಕೂತ. ಮಾರನೇ ದಿನ ಬೆಳಿಗ್ಗೆ ರೇರಿ ಅದನ್ನು ಗಾಡಿಯ ಹಿಂದೆ ನಡೆಸಿಕೊಂಡು ಲಂಡನ್ ಕಡೆ ಹೊರಟ. ಆಮೇಲೆ ಅವನ ಪ್ರದರ್ಶನಗಳಿಗೆ ಜನ ಬಂದಿದ್ದೇ ಕ್ರೂಸರ್ ನೋಡೋಕೆ.

ಅಷ್ಟು ದಿನ ಅದು ಯಾಕೆ ಹಾಗಾಡಿತು? ಇಲ್ಲಿ ಥರೋಬ್ರೆಡ್ ಜಾತಿಯ ಸ್ವಭಾವ ಸ್ವಲ್ಪ ನೋಡಬೇಕು. ಪೂರ್ವ ದೇಶಗಳಿಂದ ಇಂಗ್ಲೆಂಡಿಗೆ ಬಂದ ಮೂರು ಗಂಡು ಕುದುರೆ, ಅಂದ್ರೆ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಇವುಗಳ ಸಂತಾನ ಇದು. ತಲೆಮಾರುಗಟ್ಟಲೆ ಆರಿಸಿದ್ದು ವೇಗಕ್ಕೆ. ತೊಗಲು ತೆಳು, ಕಿವಿ ಚುರುಕು, ಸಣ್ಣ ಸದ್ದಿಗೂ ಮೈ ಬಿಗಿಯುತ್ತೆ. ಇದನ್ನು ಕೆಟ್ಟತನ ಅನ್ನೋದು ತಪ್ಪು. ಆದರೆ ಇಂಥದ್ದನ್ನು ದಿನದ ಹೆಚ್ಚು ಹೊತ್ತು ಲಾಯದಲ್ಲಿ ಒಂಟಿಯಾಗಿ ಕೂಡಿಹಾಕಿ, ಹೊಟ್ಟೆ ತುಂಬ ಕಾಳು ತಿನ್ನಿಸಿ, ತಲೆ ಎತ್ತಿದರೆ ಹೊಡೆದರೆ ಏನಾಗುತ್ತೆ? ಹೆದರಿದ ಕುದುರೆ ಓಡಬೇಕು. ಓಡೋಕೆ ಜಾಗ ಇಲ್ಲದಿದ್ದರೆ ಕಚ್ಚುತ್ತೆ.

ಇನ್ನೊಂದು ವಿಷಯ ಮಾಮೂಲಿ ಸವಾರರು ತಿಳಿದಿರಬೇಕು. ರೇಸ್ ಕುದುರೆ ಎರಡು ವರ್ಷ ತುಂಬುವ ಹೊತ್ತಿಗೇ ಜೀನು ಹೊತ್ತಿರುತ್ತೆ. ಆದರೆ ಕಲಿತಿರೋದು ಓಡೋದು ಮಾತ್ರ. ಜಾಕಿ ರಿಕಾಪು ಗಿಡ್ಡ ಮಾಡಿ, ಕಾಲು ಮೇಲೆತ್ತಿ ಕೂರುತ್ತಾನೆ. ಹಾಗಾಗಿ ಹೊಟ್ಟೆಗೆ ಕಾಲು ತಾಗೋದು ಅದಕ್ಕೆ ಹೊಸದು. ಲಗಾಮು ಬಿಗಿಯಾದರೆ ನಿಲ್ಲಬೇಕು ಅಂತ ಅದಕ್ಕೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲ್ಲ, ಆ ಬಿಗಿತಕ್ಕೆ ಒರಗಿಕೊಂಡು ಇನ್ನೂ ಜೋರಾಗಿ ಓಡುವುದೇ ಅಭ್ಯಾಸ. ಹೊಸ ಸವಾರ ಏನು ಮಾಡ್ತಾನೆ? ಹೆದರಿ ಲಗಾಮು ಎಳೀತಾನೆ, ಕಾಲಲ್ಲಿ ಗಟ್ಟಿಯಾಗಿ ಅವಚಿಕೊಳ್ತಾನೆ. ಕುದುರೆ ಹಾರಿಸಿಕೊಂಡು ಹೋಗುತ್ತೆ. ಬೈಗುಳ ಕುದುರೆಗೆ.

ಹಾಗಂತ ಇದು ಯಾರಿಗೂ ಆಗಲ್ಲ ಅಂತಲ್ಲ. ರೇಸ್ ಬಿಟ್ಟ ಥರೋಬ್ರೆಡ್‌ಗಳು ಸವಾರಿ ಶಾಲೆಗಳಲ್ಲಿ ಮಕ್ಕಳನ್ನೂ ಹೊರುತ್ತವೆ. ಕೆಲವು ತಿಂಗಳು ಬಯಲಲ್ಲಿ ಬಿಟ್ಟು, ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಿ, ತಿಳಿದವರು ಮೊದಲಿಂದ ಪಾಠ ಹೇಳಿಕೊಡಬೇಕು. ಕಲಿಯುವವನೂ ಹೊಸಬ, ಕುದುರೆಯೂ ಹೊಸದು ಅಂದ್ರೆ ಇಬ್ಬರಿಗೂ ಪೆಟ್ಟು. ರೇರಿಯ ಮೂರು ಗಂಟೆ ನೋಡಿ ಮೋಸ ಹೋಗಬಾರದು. ಅದರ ಹಿಂದೆ ಹುಡುಗನಾಗಿದ್ದಾಗಿನಿಂದ ಕುದುರೆ ಜೊತೆ ಕಳೆದ ವರ್ಷಗಳಿದ್ದವು. ಕಾಲು ಕಟ್ಟಿ ಮಲಗಿಸಿದ ಕುದುರೆ ನಂಬಿಕೆಯಿಂದ ಅಲ್ಲ, ಕೈಲಾಗದೆ ಸುಮ್ಮನಾಗುತ್ತೆ ಅಂತ ಇವತ್ತಿನ ಅನೇಕ ತರಬೇತುದಾರರು ಆಕ್ಷೇಪ ಎತ್ತುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಆದರೆ ಚಾವಟಿಯೇ ಗುರು ಆಗಿದ್ದ ಕಾಲದಲ್ಲಿ ಹೊಡೀಬೇಡಿ ಅಂತ ಸಾವಿರಾರು ಜನರ ಮುಂದೆ ನಿಂತು ತೋರಿಸಿದ್ದು ಸಣ್ಣ ಕೆಲಸವಲ್ಲ.

ರೇರಿ ಯೂರೋಪ್ ಸುತ್ತಿದ. ಲಂಡನ್ನಿನಲ್ಲಿ ಜೀಬ್ರಾವನ್ನೂ ಪಳಗಿಸಿ ತೋರಿಸಿದ. ಆಮೇಲೆ ಕ್ರೂಸರ್‌ನನ್ನು ಹಡಗಿನಲ್ಲಿ ಅಮೆರಿಕಕ್ಕೆ ಕರೆದೊಯ್ದ. ಅಲ್ಲಿ ಅಂತರ್ಯುದ್ಧ ಶುರುವಾಗಿತ್ತು, 1862ರಲ್ಲಿ ಸರ್ಕಾರ ಸೇನೆಯ ಕುದುರೆಗಳನ್ನು ನೋಡಿ ವರದಿ ಕೊಡೋಕೆ ಅವನನ್ನೇ ಕರೆಸಿತು. ಮದುವೆ ಆಗಲೇ ಇಲ್ಲ. ಆರೋಗ್ಯ ಬೇಗ ಕೈಕೊಟ್ಟಿತು. ಪಾರ್ಶ್ವವಾಯು ಹೊಡೆದು, 1866ರ ಅಕ್ಟೋಬರ್ 4ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ತೀರಿಕೊಂಡಾಗ ವಯಸ್ಸು ಬರೀ 38.

ಕ್ರೂಸರ್ ಗ್ರೋವ್‌ಪೋರ್ಟ್‌ನಲ್ಲಿ ಉಳಿಯಿತು. ಕೊನೆತನಕ ಅದನ್ನು ನೋಡಿಕೊಳ್ಳಬೇಕು ಅಂತ ರೇರಿ ಉಯಿಲಿನಲ್ಲಿ ವ್ಯವಸ್ಥೆ ಮಾಡಿಟ್ಟಿದ್ದ. ಅವನು ಹೋದ ಮೇಲೆ ಕುದುರೆಗೆ ಹಳೇ ಸಿಟ್ಟು ಮರಳಿತು ಅಂತ ಹೇಳ್ತಾರೆ. ಇನ್ನೂ ಒಂಬತ್ತು ವರ್ಷ ಬದುಕಿ 1875ರಲ್ಲಿ ಸತ್ತಿತು. ಗ್ರೋವ್‌ಪೋರ್ಟ್ ಹೈಸ್ಕೂಲಿನ ಆಟದ ತಂಡಗಳಿಗೆ ಇವತ್ತಿಗೂ ಕ್ರೂಸರ್ಸ್ ಅಂತಲೇ ಹೆಸರು.