ತೊಂಬತ್ತಾರು ಬಾರಿ ಅರ್ಧವಾಗುವ ಸಂಖ್ಯೆ

ಬಿಂಡಿಗನವಿಲೆ ಹೋಬಳಿಯ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯೂ ಅದರ ಮುಂದೆ ಎತ್ತರದ ಮಾನಸ್ತಂಭವೂ ನಿಂತಿವೆ. ಅಲ್ಲಿಂದ ಶ್ರವಣಬೆಳಗೊಳ ದೂರವಿಲ್ಲ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯನ್ನು ಪಾವನಗೊಳಿಸಿದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳನ್ನು 981ರ ಗೊಮ್ಮಟ ಪ್ರತಿಷ್ಠೆಯೊಂದಿಗೆ ಸ್ಮರಿಸುವವರು ಅನೇಕರು. ಅವರ ಗಣಿತವನ್ನು ಸ್ಮರಿಸುವವರು ವಿರಳ.

ದೇಶೀಯ ಗಣದ ಈ ಆಚಾರ್ಯರು ಅಭಯನಂದಿ, ವೀರನಂದಿ, ಇಂದ್ರನಂದಿ ಮೊದಲಾದವರನ್ನು ಗುರುಗಳೆಂದು ವಂದಿಸಿದ್ದಾರೆ. ಆಗಮದ ಆರು ಖಂಡಗಳನ್ನು ಬುದ್ಧಿಯೆಂಬ ಚಕ್ರದಿಂದ ಸಾಧಿಸಿದುದರಿಂದ ಅವರಿಗೆ ಚಕ್ರವರ್ತಿಯೆಂಬ ಬಿರುದು. ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯ ಅವರ ಶಿಷ್ಯ. ಒಮ್ಮೆ ಆಚಾರ್ಯರು ಸಿದ್ಧಾಂತ ಗ್ರಂಥವನ್ನು ಓದುತ್ತಿದ್ದಾಗ ರಾಯನು ಬರಲು, ಗೃಹಸ್ಥನಿಗೆ ಅದರ ಅಧ್ಯಯನಕ್ಕೆ ಅಧಿಕಾರವಿಲ್ಲವೆಂದು ಓಲೆಯ ಕಟ್ಟನ್ನು ಮುಚ್ಚಿದರೆಂದು ಪ್ರತೀತಿ. ಆದರೆ ಶಿಷ್ಯನ ಜಿಜ್ಞಾಸೆಯನ್ನು ಅವರು ತಳ್ಳಿಹಾಕಲಿಲ್ಲ. ಸಾರವನ್ನೆಲ್ಲ ಪ್ರಾಕೃತ ಗಾಹೆಗಳಲ್ಲಿ ಅಡಕಗೊಳಿಸಿದರು. ಗೊಮ್ಮಟನೆಂಬ ರಾಯನ ಹೆಸರಿನಿಂದಲೇ ಅದು ಗೊಮ್ಮಟಸಾರವೆನಿಸಿತು. ನಮ್ಮಂಥ ಶ್ರಾವಕರಿಗೆ ಧವಲೆಯ ಬಾಗಿಲು ತೆರೆದದ್ದು ಹೀಗೆ.

ಅದರ ಜೀವಕಾಂಡವು ಜೀವಗಳನ್ನು ಎಣಿಸುತ್ತದೆ. ನಿಗೋದ ಜೀವಗಳು ಅನಂತ. ಪರ್ಯಾಪ್ತ ಮನುಷ್ಯರಾದರೋ ಸಂಖ್ಯಾತ, ಅಂದರೆ ಎಣಿಕೆಗೆ ಸಿಗುವವರು. ಎಷ್ಟು? ಎರಡರ ವರ್ಗ 4; ಅದನ್ನು ವರ್ಗಿಸುತ್ತ ಹೋದರೆ 16, 256, 65,536; ಐದನೆಯ ವರ್ಗ 4,29,49,67,296. ಇದಕ್ಕೆ ಬಾದಾಲವೆಂದು ಹೆಸರು. ಇದರ ಘನವೇ ಮನುಷ್ಯರ ಸಂಖ್ಯೆಯೆಂದು ಆಚಾರ್ಯರು ತಿಳಿಸುತ್ತಾರೆ: 79228162514264337593543950336. ಇಪ್ಪತ್ತೊಂಬತ್ತು ಅಂಕಗಳು! ಅನಂತದ ಎದುರು ಇದೂ ಅತ್ಯಲ್ಪವೇ; ಮನುಷ್ಯಜನ್ಮ ದುರ್ಲಭವೆಂಬ ಮಾತಿನ ಲೆಕ್ಕ ಇಲ್ಲಿದೆ. ಮರುಗಾಹೆಯಲ್ಲಿ ಇದೇ ಸಂಖ್ಯೆ ಕಟಪಯಾದಿ ಕ್ರಮದಲ್ಲಿ ಅಕ್ಷರವಾಗಿದೆ; ಮೊದಲ ಅಕ್ಷರ ಏಕಸ್ಥಾನದ 6, ಕೊನೆಯದು ತುದಿಯ 7. ಲಿಪಿಕಾರನ ಕೈಯಲ್ಲಿ ಒಂದಕ್ಷರ ತಪ್ಪಿದರೂ ಹಿಂದಿನ ಗಾಹೆಯ ಘನ ಅದನ್ನು ಹಿಡಿದುಕೊಡುತ್ತದೆ.

ಈ ಸಂಖ್ಯೆಯ ಗುಟ್ಟು ಅವರ ತ್ರಿಲೋಕಸಾರದಲ್ಲಿ ಬಿಚ್ಚುತ್ತದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಬಾರಿ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. 16ಕ್ಕೆ 4, 32ಕ್ಕೆ 5. ಅವುಗಳ ಗುಣಲಬ್ಧ 512ಕ್ಕೆ 9. ಗುಣಿಸಿದಾಗ ಅರ್ಧಚ್ಛೇದಗಳು ಕೂಡುತ್ತವೆ, ಭಾಗಿಸಿದಾಗ ಕಳೆಯುತ್ತವೆ, ವರ್ಗಿಸಿದಾಗ ಇಮ್ಮಡಿಸುತ್ತವೆ. ಬಾದಾಲದ ಅರ್ಧಚ್ಛೇದ 32. ಅದರ ಘನಕ್ಕೆ 96. ನೇಪಿಯರ್ 1614ರಲ್ಲಿ ಲಾಗರಿದಮ್ ಪ್ರಕಟಿಸುವುದಕ್ಕೆ ಆರು ಶತಮಾನ ಮೊದಲಿನ ಮಾತಿದು. ಆದರೂ ಈ ಕಲ್ಪನೆ ನೇಮಿಚಂದ್ರರದೇ ಎನ್ನಲಾಗದು. ವೀರಸೇನರ ಧವಲೆಯಲ್ಲಿ ಅರ್ಧಚ್ಛೇದವೂ, ಮೂರರಿಂದ ಭಾಗಿಸುವ ತ್ರಿಕಚ್ಛೇದವೂ ಆಗಲೇ ಇದ್ದವು.

ದಶಮಾನದಲ್ಲಿ ಯಾವ ಕ್ರಮವೂ ಕಾಣದ ಈ ಸಂಖ್ಯೆಯನ್ನು ಗಣಕಯಂತ್ರದ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಒಂದರ ಮುಂದೆ 96 ಸೊನ್ನೆಗಳು, ಅಷ್ಟೆ. ಒಮ್ಮೆ ಅರ್ಧಿಸುವುದೆಂದರೆ ಒಂದು ಸೊನ್ನೆಯನ್ನು ಅಳಿಸುವುದು. ಆಚಾರ್ಯರು ಹಾಗೆ ಬರೆಯಲಿಲ್ಲ. ಅಭಿಮಾನದ ಭರದಲ್ಲಿ ನಾವು ಬರೆದರೆಂದು ಹೇಳಲೂಬಾರದು. ಎರಡರ ಮಾನದಲ್ಲಿ ಆ ಸಂಖ್ಯೆಯ ಸ್ವರೂಪವನ್ನು ಅವರು ಅರಿತಿದ್ದರು, ಅದೇ ಸಾಕು.

1359ರಲ್ಲಿ ಕೇಶವಣ್ಣ ಗೊಮ್ಮಟಸಾರಕ್ಕೆ ಕನ್ನಡ ವೃತ್ತಿಯನ್ನು ರಚಿಸಿದನು. ಅದನ್ನು ಅನುಸರಿಸಿ ಸಂಸ್ಕೃತ ಟೀಕೆ ಹುಟ್ಟಿತು. ಆ ಟೀಕೆಯ ಆಧಾರದಿಂದ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ನಾಡಿನ ಆಡುಮಾತಿನಲ್ಲಿ ಉತ್ತರದ ಗೃಹಸ್ಥರಿಗೆ ಈ ಲೆಕ್ಕಗಳನ್ನು ವಿವರಿಸಿದರು.